ನ್ಯೂ ಲ್ಯಾನರ್ಕ್‌ನ ಹನ್ನೆರಡು ಕಾರ್ಡು: ಮುಖಕ್ಕೆ ನಾಲ್ಕು ಸ್ಟಾರ್, ಬೆನ್ನಿಗೆ ಒಂದು

ಟಪಾಲು ಕೈಗೆ ಬಂದರೆ ನಾನು ಮೊದಲು ನೋಡುವುದು ಮುದ್ರೆ. ಮೂವತ್ತೇಳು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಬಂದ ಚಾಳಿ, ರಿಟೈರಾದ ಮೇಲೂ ಬಿಟ್ಟಿಲ್ಲ. ಎಲ್ಲಿಂದ ಹೊರಟಿದೆ, ಯಾವತ್ತು ಹೊರಟಿದೆ, ಇಲ್ಲಿಗೆ ಬರಲು ಎಷ್ಟು ದಿನ ಹಿಡಿದಿದೆ, ಇಷ್ಟು ಲೆಕ್ಕ ಹಾಕಿದ ಮೇಲೇ ಕತ್ತರಿ ಹುಡುಕುವುದು. ಸ್ಕಾಟ್ಲೆಂಡಿನಿಂದ ಬಂದ ಈ ಲಕೋಟೆಯ ಮೇಲೆ ಮುದ್ರೆಯೂ ಇಲ್ಲ, ಸ್ಟಾಂಪೂ ಇಲ್ಲ. ಕಂಪ್ಯೂಟರಿನಲ್ಲಿ ಅಚ್ಚಾದ ಬಿಳಿ ಚೀಟಿ, ಅದರ ತುಂಬ ಬಾರ್‌ಕೋಡು. ಹಳೇ ಪೋಸ್ಟ್‌ಕಾರ್ಡು ಮಾರುವವರು ಒಂದು ಸ್ಟಾಂಪು ಅಂಟಿಸಬಾರದಿತ್ತೇ ಅಂತ ಮನಸ್ಸಿಗೆ ಕಸಿವಿಸಿ ಆಯಿತು. ಆ ಕಸಿವಿಸಿಗೆ ಇನ್ನೂ ದೊಡ್ಡ ಕಾರಣ ಲಕೋಟೆಯ ಒಳಗೇ ಇತ್ತು, ಆಮೇಲೆ ಹೇಳುತ್ತೇನೆ.

ತರಿಸಿದ್ದು ಇದು: ನ್ಯೂ ಲ್ಯಾನರ್ಕ್ ಅನ್ನುವ ಸ್ಕಾಟ್ಲೆಂಡಿನ ಹತ್ತಿ ಗಿರಣಿ ಊರಿನ ಹಳೆಯ ನೋಟಗಳ ಹನ್ನೆರಡು ಪೋಸ್ಟ್‌ಕಾರ್ಡು, ಮರುಮುದ್ರಣ, ಒಂದು ರಟ್ಟಿನ ಮಡಿಕೆಯಲ್ಲಿ. ಜೊತೆಗೆ ಒಂದು ಹಾಳೆಯ ಪರಿಚಯ. ಅಂಚೆ ವೆಚ್ಚ ಸೇರಿ 1,900 ರೂಪಾಯಿ ಚಿಲ್ಲರೆ ಆಯಿತು. ಅದೇ ಅಂಗಡಿಯಲ್ಲಿ ಬಳಸಿದ ಅಸಲಿ ಕಾರ್ಡುಗಳೂ ಇದ್ದವು. ಹನ್ನೆರಡರಲ್ಲಿ ಇರುವ ಒಂದು ನೋಟದ ಅಸಲಿ ಪ್ರತಿಯೇ ಸಿಕ್ಕಿತು, ಹೋಲಿಸಿ ನೋಡೋಣ ಅಂತ 600 ರೂಪಾಯಿ ಕೊಟ್ಟು ಅದನ್ನೂ ಹಾಕಿಸಿಕೊಂಡೆ. ಬಂಗಾರಪೇಟೆಗೆ ಬಂದದ್ದು ಇಪ್ಪತ್ಮೂರನೆಯ ದಿನ. ಎರಡೂ ಕಡೆ ಗಟ್ಟಿ ರಟ್ಟು ಕೊಟ್ಟು ಕಟ್ಟಿದ್ದರು, ಒಂದು ಮೂಲೆಯೂ ಮಡಚಿರಲಿಲ್ಲ. ಪ್ಯಾಕಿಂಗಿಗೆ ಪೂರ್ತಿ ಅಂಕ.

ಈ ವಯಸ್ಸಿನಲ್ಲಿ ಈ ಶೋಕಿ ಯಾಕೆ ಅಂದರೆ, ನನ್ನ ಅಣ್ಣನ ಮಗಳು ಗ್ಲ್ಯಾಸ್ಗೋದಲ್ಲಿ ಓದುತ್ತಿದ್ದಾಳೆ. ಒಂದು ಭಾನುವಾರ ರೈಲು ಹಿಡಿದು ಲ್ಯಾನರ್ಕಿಗೆ ಹೋಗಿ, ಅಲ್ಲಿಂದ ಇಳಿಜಾರಿನಲ್ಲಿ ನಡೆದು ಈ ಊರು ನೋಡಿ, ಫೋನಿನಲ್ಲಿ ಫೋಟೋ ಕಳಿಸಿದಳು. ಹಿಂದೆಯೇ ಕರೆ. "ಅತ್ತೆ, ಚಾಂಪಿಯನ್ ರೀಫ್ ಲೈನುಗಳು ನೆನಪಾಯ್ತು. ಆದ್ರೆ ಇಲ್ಲಿ ಒಂದು ಕಲ್ಲೂ ಬಿದ್ದಿಲ್ಲ." ಲೈನು ಅಂದರೆ ಕೆಜಿಎಫ್ ಚಿನ್ನದ ಗಣಿಯ ಕೆಲಸಗಾರರ ಮನೆಸಾಲು, ನಾನು ಹುಟ್ಟಿ ಬೆಳೆದದ್ದು ಅವುಗಳ ಪಕ್ಕದಲ್ಲೇ. ಅಪ್ಪ ಟೈಮ್ ಆಫೀಸಿನಲ್ಲಿ ಬಿಲ್ಲೆ ಕೊಡುತ್ತಿದ್ದರು. ಶಿಫ್ಟಿಗೆ ಇಳಿಯುವವರು ಹಿತ್ತಾಳೆ ಬಿಲ್ಲೆ ತಗೊಂಡು ಇಳಿಯಬೇಕು, ಮೇಲೆ ಬಂದ ಮೇಲೆ ವಾಪಸು ಕೊಡಬೇಕು. ಬಿಲ್ಲೆ ಬಾರದಿದ್ದರೆ ಆಳು ಇನ್ನೂ ಕೆಳಗಿದ್ದಾನೆ ಅಂತ ಅರ್ಥ. ಚಿನ್ನದ ಗಣಿಗೂ ಹತ್ತಿ ಗಿರಣಿಗೂ ಏನು ನಂಟು ಅಂತ ಕೇಳಬೇಡಿ. ಕಂಪನಿ ಕಟ್ಟಿದ ಮನೆ, ಕಂಪನಿಯ ಶಾಲೆ, ಕಂಪನಿಯ ಗಂಟೆ ಹೇಳಿದ ಹಾಗೆ ಏಳುವುದು ಮಲಗುವುದು. ಅಂಥ ಊರಲ್ಲಿ ಬೆಳೆದವರಿಗೆ ಇನ್ನೊಂದು ಅಂಥ ಊರಿನ ಚಿತ್ರ ನೋಡಿದರೆ ಯಾವುದು ಮ್ಯಾನೇಜರ ಮನೆ, ಯಾವುದು ಲೈನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಾರ್ಡುಗಳು. ಕಾಗದ ದಪ್ಪ, ಹೊಳಪಿಲ್ಲದ್ದು, ಬೆರಳ ಗುರುತು ಹಿಡಿಯುವುದಿಲ್ಲ. ಅಚ್ಚು ಬಹಳ ಶುದ್ಧ. ಲೆನ್ಸ್ ಇಟ್ಟು ನೋಡಿದರೆ ಗಿರಣಿಯ ಒಂದೊಂದು ಕಿಟಕಿಯ ಕಟ್ಟೂ ಕಾಣುತ್ತದೆ. ಮೊದಲನೆಯದು ಗುಡ್ಡದ ಮೇಲಿನಿಂದ ಇಡೀ ಊರು: ಕೆಳಗೆ ಕ್ಲೈಡ್ ನದಿ, ದಡದಲ್ಲಿ ಸಾಲಾಗಿ ಗಿರಣಿಗಳು, ಅವುಗಳ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಮನೆಸಾಲುಗಳು, ಸುತ್ತ ಕಾಡು. ಕಾರ್ಖಾನೆ ಊರು ಅಂದರೆ ಹೊಗೆ, ಬೂದಿ ಅಂದುಕೊಂಡವರಿಗೆ ಇದು ಯಾವುದೋ ಗಿರಿಧಾಮದ ಹಾಗೆ ಕಾಣುತ್ತದೆ. ಪೋಸ್ಟ್‌ಕಾರ್ಡು ಮಾಡುವವನಿಗೂ ಅದೇ ಬೇಕಿತ್ತು ಅಂತಿಟ್ಟುಕೊಳ್ಳಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದು ಬೆಳೆದ ನಮ್ಮ ಸೈನೈಡ್ ದಿಬ್ಬವನ್ನು ಸಂಜೆ ಬಿಸಿಲಲ್ಲಿ ತೆಗೆದರೆ ಅದೂ ಚಂದವೇ, ಗಾಳಿ ಬೀಸಿದಾಗ ಮನೆಯೊಳಗೆ ಬೀಳುವ ಧೂಳು ಫೋಟೋದಲ್ಲಿ ಬರುವುದಿಲ್ಲ.

ಈ ನೋಟದಲ್ಲಿ ಗಿರಣಿ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಖಾಲಿ ಜಾಗ ಇದೆ. ಅದು ನಾಲ್ಕನೇ ಗಿರಣಿ ಇದ್ದ ಜಾಗ. 1883ರಲ್ಲಿ ಬೆಂಕಿಗೆ ಹೋಯಿತು, ಮತ್ತೆ ಕಟ್ಟಲಿಲ್ಲ. ಅಲ್ಲಿ ಬೆಂಕಿ ಹೊಸದೇನಲ್ಲ. ಡೇವಿಡ್ ಡೇಲ್ 1785ರಲ್ಲಿ ಕಟ್ಟಲು ಶುರು ಮಾಡಿದ ಮೊದಲ ಗಿರಣಿಯೇ 1788ರಲ್ಲಿ ಸುಟ್ಟುಹೋಗಿ ಮರುವರ್ಷ ಮತ್ತೆ ಎದ್ದದ್ದು. ಹತ್ತಿಯ ನವಿರು, ಎಣ್ಣೆ ಕುಡಿದ ಮರದ ನೆಲ, ದೀಪದ ಬೆಳಕು, ಇನ್ನೇನಾಗುತ್ತದೆ. 1819ರಲ್ಲಿ ಸುಟ್ಟ ಮೂರನೆಯದನ್ನು ಆಮೇಲೆ ಕಬ್ಬಿಣದ ಕಂಬ ತೊಲೆ ಹಾಕಿ ಬೆಂಕಿ ತಡೆಯುವ ಹಾಗೆ ಕಟ್ಟಿದರು. ಪರಿಚಯದ ಹಾಳೆಯಲ್ಲಿ ಈ ಖಾಲಿ ಜಾಗದ ಸುದ್ದಿಯೇ ಇಲ್ಲ. ಚಿತ್ರದ ಮೇಲೆ ಕಣ್ಣಿಟ್ಟು ಬರೆದ ಹಾಳೆಯಾಗಿದ್ದರೆ ಇರುತ್ತಿತ್ತು.

ಆ ಹಾಳೆಯ ಮೇಲೆ ಇನ್ನೊಂದು ತಕರಾರು. ಮುಕ್ಕಾಲು ಪಾಲು ರಾಬರ್ಟ್ ಓವೆನ್ ಮಹಿಮೆ. ಒಪ್ಪುತ್ತೇನೆ, ದೊಡ್ಡ ಮನುಷ್ಯ. 1800ರಲ್ಲಿ ಮಾವ ಡೇಲ್ ಅವರ ಗಿರಣಿಯ ಆಡಳಿತ ಹಿಡಿದು, ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸದಿಂದ ಬಿಡಿಸಿ ಶಾಲೆಗೆ ಹಾಕಿದರು. 1816ರ ಜನವರಿ 1ಕ್ಕೆ ಊರಿನ ನಡುವೆ ಕಲಿಕೆಗೆಂದೇ ಒಂದು ದೊಡ್ಡ ಕಟ್ಟಡ ತೆರೆದರು, ಎಳೆಯ ಮಕ್ಕಳಿಗೂ ಅಲ್ಲಿ ಜಾಗ ಇತ್ತು. ಕಂಪನಿ ಅಂಗಡಿಯಲ್ಲಿ ಸಾಮಾನು ಸಗಟಿಗೆ ತಂದು ಸ್ವಲ್ಪವೇ ಲಾಭ ಇಟ್ಟು ಮಾರಿದರು. ಸಹಕಾರ ಸಂಘಗಳ ಕಥೆ ಹೇಳುವಾಗ ಆ ಅಂಗಡಿಯ ಹೆಸರು ಬಂದೇ ಬರುತ್ತದೆ, ನಮ್ಮ ಗದಗ ಕಡೆಯ ಕಣಗಿನಹಾಳಕ್ಕೆ ಸಹಕಾರ ಸಂಘ ಬಂದದ್ದು 1905ರಲ್ಲಿ. ಒಬ್ಬೊಬ್ಬ ಕೆಲಸಗಾರನ ಪಕ್ಕ ನಾಲ್ಕು ಬಣ್ಣದ ಮರದ ತುಂಡು ತೂಗುಹಾಕಿ, ನಿನ್ನೆ ಕೆಲಸ ಕೆಟ್ಟದಾಗಿದ್ದರೆ ಕಪ್ಪು, ಸುಮಾರಾಗಿದ್ದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಬಹಳ ಚೆನ್ನಾಗಿದ್ದರೆ ಬಿಳಿ ಮುಂದಕ್ಕೆ ತಿರುಗಿಸಿಡುವ ಪದ್ಧತಿ ಬೇರೆ. ಬೈಗುಳ ಇಲ್ಲ, ಏಟಿಲ್ಲ. ಅಪ್ಪ ಇದ್ದಿದ್ದರೆ ಇದನ್ನು ಕೇಳಿ ಏನನ್ನುತ್ತಿದ್ದರು ಗೊತ್ತು: "ಏಟೇ ವಾಸಿ, ಮರ್ಯಾದೆ ಉಳಿಯುತ್ತೆ."

ಇರಲಿ. ಓವೆನ್ ಆ ಊರು ಮಾರಿ ಹೋದದ್ದು 1825ರಲ್ಲಿ. ಆಗ ಪೋಸ್ಟ್‌ಕಾರ್ಡಿನ ಮಾತಿರಲಿ, ಫೋಟೋ ತೆಗೆಯುವುದೇ ಜನಕ್ಕೆ ಗೊತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಖಾಸಗಿಯವರು ಅಚ್ಚು ಹಾಕಿದ ಚಿತ್ರದ ಕಾರ್ಡಿಗೆ ಸ್ಟಾಂಪು ಹಚ್ಚಿ ಕಳಿಸಲು ಅಂಚೆ ಇಲಾಖೆ ಒಪ್ಪಿದ್ದು 1894ರಲ್ಲಿ. ಅಂದಮೇಲೆ ಈ ಹನ್ನೆರಡು ಕಾರ್ಡಿನಲ್ಲಿ ಕಾಣುವ ಜನ ಓವೆನ್ ಕಾಲದವರಲ್ಲ, ಅವರ ಮರಿಮಕ್ಕಳ ಕಾಲದವರು. 1881ರಲ್ಲಿ ಗಿರಣಿ ಬರ್ಕ್‌ಮೈರ್ ಕುಟುಂಬಕ್ಕೆ ಹೋಗಿತ್ತು, ಆಮೇಲೆ ಗೂರಾಕ್ ಹಗ್ಗದ ಕಂಪನಿ. ಇವರು ಮಾಡುತ್ತಿದ್ದದ್ದು ಮೀನಿನ ಬಲೆ, ಕ್ಯಾನ್ವಾಸು. 1968ರಲ್ಲಿ ಬಾಗಿಲು ಹಾಕುವ ತನಕ ಊರಿಗೆ ಅನ್ನ ಹಾಕಿದ್ದು ಬಲೆ. ಹಾಳೆಯಲ್ಲಿ ಬಲೆಗೆ ಸಿಕ್ಕಿದ್ದು ಅರ್ಧ ಸಾಲು.

ಎಂಟನೇ ಕಾರ್ಡಿಗೆ ಬರುತ್ತೇನೆ. ಗಿರಣಿಗಳ ಹತ್ತಿರದ ನೋಟ, ಕೆಳಗೆ 'ಸುಮಾರು 1955' ಅಂತ ಹಾಕಿದ್ದಾರೆ. ತಪ್ಪು. ಹೇಗೆ ಗೊತ್ತಾಯಿತು ಅಂದರೆ, ಸಾಲಿನ ತುದಿಯ ಒಂದನೇ ಗಿರಣಿಯ ಮಹಡಿ ಎಣಿಸಿದೆ. ಪೂರ್ತಿ ಎತ್ತರ ಇದೆ. ಅದರ ಮೇಲಿನ ಎರಡು ಮಹಡಿ 1945ರಲ್ಲೇ ಇಳಿಸಿದ್ದರು. ಆಮೇಲೆ ಎಷ್ಟೋ ವರ್ಷ ಅದು ಪಕ್ಕದ ಗಿರಣಿಗಳ ಎದುರು ಗಿಡ್ಡ ತಮ್ಮನ ಹಾಗೆ ನಿಂತಿತ್ತು. ಹಾಳು ಬಿದ್ದದ್ದನ್ನು ಎತ್ತಿ ಕಟ್ಟಿ, 1998ರಲ್ಲಿ ಹೋಟೆಲು ಮಾಡಿದರು. ಅಣ್ಣನ ಮಗಳು ಕಳಿಸಿದ ಫೋಟೋದಲ್ಲೂ ಅದು ಪೂರ್ತಿ ಎತ್ತರ, ಹಾಗಾಗಿ ಇವತ್ತಿನ ಊರು ನೋಡಿಕೊಂಡು ದಿನಾಂಕ ಹಾಕುವವರು ಎಡವುವುದು ಸಹಜ. ಈ ಚಿತ್ರ 1945ಕ್ಕಿಂತ ಹಿಂದಿನದು. ಎಷ್ಟು ಹಿಂದಿನದು ಅಂತ ಕಂಡುಹಿಡಿಯಲು ಸುಲಭದ ದಾರಿ ಒಂದಿದೆ, ಕಾರ್ಡು ತಿರುಗಿಸಿ ಬೆನ್ನು ನೋಡುವುದು. ತಿರುಗಿಸಿದೆ. ಖಾಲಿ.

ಹನ್ನೆರಡಕ್ಕೆ ಹನ್ನೆರಡೂ ಖಾಲಿ. ಬಿಳಿ ಬೆನ್ನು, ನಡುವೆ ಸಣ್ಣ ಗೆರೆ, ಮೂಲೆಯಲ್ಲಿ ಅಂಗಡಿಯ ಗುರುತು. ನನ್ನ ಜಗಳವೆಲ್ಲ ಇಲ್ಲಿದೆ.

ಕೌಂಟರಿನಲ್ಲಿ ಕೂತವರಿಗೆ ಕಾರ್ಡಿನ ಮುಖವೇ ಅದರ ಬೆನ್ನು. 1902ಕ್ಕೆ ಮೊದಲು ಬ್ರಿಟನ್ನಿನಲ್ಲಿ ಚಿತ್ರದ ಕಾರ್ಡಿನ ಒಂದು ಬದಿ ಪೂರ್ತಿ ವಿಳಾಸಕ್ಕೆ ಮೀಸಲು, ಹೇಳಬೇಕಾದ್ದನ್ನು ಚಿತ್ರದ ಪಕ್ಕದ ಬಿಳಿ ಜಾಗದಲ್ಲಿ ಗೀಚಬೇಕಿತ್ತು. ಆ ವರ್ಷ ಬೆನ್ನನ್ನು ಎರಡು ಭಾಗ ಮಾಡಲು ಬಿಟ್ಟರು, ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ. ಹಾಗಾಗಿ ನಡುವೆ ಗೆರೆ ಇಲ್ಲದಿದ್ದರೆ ಹಳೆಯದು, ಇದ್ದರೆ ಆಮೇಲಿನದು. ಅರ್ಧ ಪೆನ್ನಿಯ ಸ್ಟಾಂಪಿನಲ್ಲಿ ಹೋಗಿದ್ದರೆ 1918ರ ಒಳಗಿನದು, ಆ ವರ್ಷದ ಜೂನಿನಲ್ಲಿ ದರ ಒಂದು ಪೆನ್ನಿ ಆಯಿತು. ಸ್ಟಾಂಪಿನ ಮೇಲೆ ಏಳನೇ ಎಡ್ವರ್ಡನ ತಲೆಯೋ ಐದನೇ ಜಾರ್ಜನದೋ ನೋಡಿದರೆ ಇನ್ನಷ್ಟು ಹತ್ತಿರ ಬರುತ್ತೀರಿ. ಮುದ್ರೆ ಸರಿಯಾಗಿ ಬಿದ್ದಿದ್ದರೆ ದಿನ, ಹೊತ್ತು ಎಲ್ಲ ಸಿಕ್ಕಿತು. ಒಂದು ಮಾತೂ ಓದದೆ ಇಷ್ಟು ತಿಳಿಯುತ್ತದೆ. ಓದಿದರೆ ಇನ್ನೂ ಉಂಟು.

600 ರೂಪಾಯಿಯ ಅಸಲಿ ಕಾರ್ಡು ಮುಂದಿಟ್ಟುಕೊಳ್ಳಿ. ಡಂಡೀ ಊರಿನ ವ್ಯಾಲೆಂಟೈನ್ ಕಂಪನಿಯದ್ದು. ಬಣ್ಣ ಹಾಕಿದ್ದು, ಆದರೆ ಬಣ್ಣ ಹಾಕಿದವನು ಊರು ನೋಡಿರಲಿಕ್ಕಿಲ್ಲ, ಕಲ್ಲಿನ ಗೋಡೆಗೆ ಮಿಠಾಯಿ ಗುಲಾಬಿ ಬಳಿದಿದ್ದಾನೆ. ಕೆಳಗಿನ ಮೂಲೆಯಲ್ಲಿ ಸಣ್ಣ ಅಂಕಿ, ಅದರ ಪಕ್ಕ ಜೆ ವಿ ಅನ್ನುವ ಎರಡಕ್ಷರ. ಆ ಅಂಕಿ ಹಿಡಿದು ಚಿತ್ರದ ವರ್ಷ ಹುಡುಕಬಹುದು, ಕಂಪನಿಯ ಫೋಟೋ ಸಂಗ್ರಹ ಈಗ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಬೆನ್ನಲ್ಲಿ ಹಸಿರು ಅರ್ಧ ಪೆನ್ನಿ, ಎಡ್ವರ್ಡನ ತಲೆ. ಲ್ಯಾನರ್ಕ್ ಮುದ್ರೆ, 1907. ಮುದ್ರೆ ಹೊಡೆದವನ ಕೈ ಗಟ್ಟಿ, ಪ್ಯಾಡಿಗೆ ಶಾಯಿ ಹೊಸದಾಗಿ ಹಾಕಿರಬೇಕು. ಬರೆದವಳು (ಕೈಬರಹ ನೋಡಿ ಹೆಂಗಸು ಅಂದುಕೊಂಡಿದ್ದೇನೆ) ಪೆನ್ಸಿಲಿನಲ್ಲಿ ಬರೆದಿದ್ದಾಳೆ. ಮಳೆ ಬಿಟ್ಟಿಲ್ಲ, ಶನಿವಾರದ ಗಾಡಿಗೆ ಬರುತ್ತೇವೆ, ಮಗುವಿಗೆ ಕೆಮ್ಮು ವಾಸಿ. ಜಾಗ ಮುಗಿದಾಗ ಕಾರ್ಡು ತಿರುಗಿಸಿಕೊಂಡು ಅಂಚಿನಗುಂಟ ಬರೆದು ಕೊನೆಗೆ ತಲೆಕೆಳಗಾಗಿ ಮುಗಿಸಿದ್ದಾಳೆ. ಮುಂದಿನ ಗುಲಾಬಿ ಗಿರಣಿಯ ಬಗ್ಗೆ ಒಂದಕ್ಷರ ಇಲ್ಲ. ಅವಳಿಗೆ ಅದು ದಿನಾ ನೋಡುವ ಗೋಡೆ.

ಇದನ್ನೂ ಮರುಮುದ್ರಣವನ್ನೂ ಪಕ್ಕಪಕ್ಕ ಇಟ್ಟಾಗ ಇನ್ನೊಂದು ಕಳ್ಳತನ ಸಿಕ್ಕಿಬಿತ್ತು. ಹಳೆಯ ಕಾರ್ಡು ಐದೂವರೆ ಅಂಗುಲಕ್ಕೆ ಮೂರೂವರೆ. ಹೊಸದು ಆರಕ್ಕೆ ನಾಲ್ಕು. ಎರಡರ ಅಳತೆ ತಾಳೆ ಆಗದ್ದಕ್ಕೆ ಚಿತ್ರ ಹಿಗ್ಗಿಸಿ ಎರಡು ಪಕ್ಕ ಕತ್ತರಿಸಿದ್ದಾರೆ. ಮೂಲೆಯ ಅಂಕಿ ಹಾಗೇ ಹೋಯಿತು. ಅಸಲಿಯ ಬಲತುದಿಯಲ್ಲಿ, ಮನೆಸಾಲಿನ ಕೆಳಗೆ, ಒಂದು ಬಟ್ಟೆ ಹಗ್ಗ ಇದೆ. ಮೂರು ಬಿಳಿ ಬಟ್ಟೆ, ಪಕ್ಕದಲ್ಲಿ ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸು. ಅಕ್ಕಿಕಾಳಿನಷ್ಟು ಕಾಣುತ್ತಾಳೆ, ಆದರೆ ನಿಂತ ಭಂಗಿ ಗೊತ್ತಾಗುತ್ತದೆ, ಮೋಡ ನೋಡುತ್ತಿದ್ದಾಳೆ. ಮರುಮುದ್ರಣದಲ್ಲಿ ಒಂದೂವರೆ ಬಟ್ಟೆ ಉಳಿದಿದೆ. ಹೆಂಗಸು ಇಲ್ಲ. ನಮ್ಮ ಲೈನುಗಳಲ್ಲಿ ಬಟ್ಟೆ ಹಗ್ಗಕ್ಕೆ ಆಗುತ್ತಿದ್ದ ಜಗಳ ಕಂಡವಳು ನಾನು. ಮನೆಗೆ ಒಂದು ಹಗ್ಗ, ಬಿಸಿಲು ಬೀಳುವ ಕಡೆ ಕಟ್ಟಿದವರೇ ರಾಣಿ. ಹನ್ನೆರಡು ಕಾರ್ಡಿನಲ್ಲಿ ಕೆಲಸದಲ್ಲಿ ಇರುವ ಮನುಷ್ಯರು ಅಂತ ಇದ್ದದ್ದೇ ಅವಳೊಬ್ಬಳು. ಅವಳನ್ನು ಕತ್ತರಿಸಿ ಎಸೆದರಲ್ಲ.

ಉಳಿದವುಗಳಲ್ಲಿ ಜನ ಇಲ್ಲವೆಂದಲ್ಲ. ಐದನೆಯದರಲ್ಲಿ ಕೇತ್ನೆಸ್ ಸಾಲಿನ ಮುಂದೆ ಮಕ್ಕಳ ದಂಡು ನಿಂತಿದೆ, ಕ್ಯಾಮೆರಾ ನೋಡಲೆಂದೇ ಬಂದವರು, ಇಬ್ಬರ ಕಾಲಲ್ಲಿ ಬೂಟಿಲ್ಲ. ಆ ಸಾಲಿಗೆ ಹೆಸರು ಬಂದದ್ದು ದೂರದ ಉತ್ತರದ ಸೀಮೆಯಿಂದ. ಅಮೆರಿಕಕ್ಕೆ ಹೊರಟ ಗುಡ್ಡಗಾಡಿನ ಜನರ ಹಡಗೊಂದು 1791ರಲ್ಲಿ ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರಿಗೆ ವಾಪಸಾದಾಗ ಆ ಜನಕ್ಕೆ ಡೇಲ್ ಕೆಲಸ ಮನೆ ಕೊಟ್ಟು ಕರೆಸಿಕೊಂಡಿದ್ದರು. ಕೆಜಿಎಫ್‌ಗೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಜನ ಬಂದ ಹಾಗೆ, ಅಲ್ಲಿನ ಲೈನುಗಳೂ ಹೊರಗಿನವರಿಂದ ತುಂಬಿದ್ದು. ಗಿರಣಿಗೆ ಬರುತ್ತಿದ್ದ ಹತ್ತಿಯಲ್ಲಿ ಅಮೆರಿಕದ ತೋಟಗಳ ಗುಲಾಮರು ಬಿಡಿಸಿದ್ದೂ ಇತ್ತು. ಓವೆನ್ ಮಹಿಮೆ ಹಾಡುವ ಹಾಳೆ ಈ ಮಾತನ್ನು ಎರಡು ಸಾಲಿನಲ್ಲಾದರೂ ಹೇಳಿದೆ, ಅದಕ್ಕೆ ಮೆಚ್ಚಿಗೆ.

ಹನ್ನೆರಡರಲ್ಲಿ ನನಗೆ ಬಹಳ ಹಿಡಿಸಿದ್ದು ಹನ್ನೊಂದನೆಯದು, ಕೋರಾ ಲಿನ್ ಜಲಪಾತ. ಊರಿನಿಂದ ನದಿಗುಂಟ ಮೇಲಕ್ಕೆ ನಡೆದರೆ ಸಿಗುತ್ತದೆ, ಸುಮಾರು 84 ಅಡಿ. ಕಪ್ಪು ಬಿಳುಪು ಚಿತ್ರ, ನೀರು ಹಾಲು ಉಕ್ಕಿದ ಹಾಗಿದೆ. ಚಿತ್ರಕಾರ ಟರ್ನರ್ ಬರೆದದ್ದು, ಕವಿ ವರ್ಡ್ಸ್‌ವರ್ತ್ ತಂಗಿಯನ್ನು ಕರೆದುಕೊಂಡು ಹೋಗಿ ನೋಡಿದ್ದು ಇದನ್ನೇ. 1927ರಲ್ಲಿ ಅಲ್ಲಿ ವಿದ್ಯುತ್ ಕೇಂದ್ರ ಆಯಿತು, ನೀರಿನ ಬಹುಪಾಲು ಕೊಳವೆಗೆ ಹೋಯಿತು. ಈಗ ಜಲಪಾತ ಮೊದಲಿನ ಹಾಗೆ ತುಂಬಿ ಬೀಳಬೇಕಾದರೆ ಕೇಂದ್ರ ನಿಲ್ಲಿಸಬೇಕು, ಇಲ್ಲ ಭಾರೀ ಮಳೆ ಬರಬೇಕು. ನಮ್ಮ ಗಣಿಗೂ ಹಾಗೇ ಅಲ್ಲವೇ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು. ಕಾವೇರಿ ಅಲ್ಲಿ ಬಿದ್ದಳು, ಇಲ್ಲಿ ಮೋಟಾರು ತಿರುಗಿತು. ಬೇಸಿಗೆಯಲ್ಲಿ ಗಗನಚುಕ್ಕಿ ನೋಡಲು ಹೋಗಿ ಬರೀ ಬಂಡೆ ನೋಡಿಕೊಂಡು ಬಂದವರಿಗೆ ಈ ಕಾರ್ಡಿನ ಬೆಲೆ ಗೊತ್ತಾಗುತ್ತದೆ. ಇದೊಂದನ್ನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ.

ಮನೆಯಲ್ಲಿ ಇದನ್ನೆಲ್ಲ ಹರಡಿಕೊಂಡು ಕೂತಾಗ ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದರು. "ಸಾವಿರದ ಒಂಬೈನೂರಕ್ಕೆ ಖಾಲಿ ಕಾರ್ಡಾ? ನಿಮ್ಮ ಆಫೀಸಲ್ಲಿ ಐವತ್ತು ಪೈಸೆಗೆ ಕೊಡ್ತಿದ್ರಲ್ಲೇ." ಉತ್ತರ ಕೊಡಲಿಲ್ಲ. ಕೊಡುವಂಥದ್ದು ಇರಲಿಲ್ಲ.

ಅಂಗಡಿಗೆ ಪತ್ರ ಹಾಕಿದೆ. ಅಣ್ಣನ ಮಗಳು ಇಂಗ್ಲಿಷ್ ತಿದ್ದಿಕೊಟ್ಟಳು, ಜೊತೆಗೆ ನನ್ನ ಸಿಟ್ಟನ್ನೂ ಅರ್ಧ ತಿದ್ದಿದಳು. ಎರಡೇ ದಿನದಲ್ಲಿ ಉತ್ತರ ಬಂತು, ಅದಕ್ಕೆ ಮೆಚ್ಚಬೇಕು. ಎಂಟನೇ ಕಾರ್ಡಿನ ದಿನಾಂಕ ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇವೆ ಅಂದರು. ಬೆನ್ನಿನ ವಿಷಯಕ್ಕೆ, ಕೊಳ್ಳುವವರು ಬರೆದು ಕಳಿಸಲು ಅನುಕೂಲವಾಗಲಿ ಅಂತ ಖಾಲಿ ಬಿಟ್ಟಿದ್ದೇವೆ ಅಂದರು. ಅದೂ ನ್ಯಾಯವೇ. ಆದರೆ ಪರಿಚಯದ ಹಾಳೆಯ ಹಿಂಬದಿ ಪೂರ್ತಿ ಖಾಲಿ ಇದೆಯಲ್ಲ, ಹನ್ನೆರಡು ಬೆನ್ನುಗಳನ್ನೂ ಬೆಂಕಿಪೆಟ್ಟಿಗೆ ಗಾತ್ರದಲ್ಲಿ ಅಲ್ಲಿ ಅಚ್ಚು ಹಾಕಬಹುದಿತ್ತಲ್ಲ? ಇದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಕೊಳ್ಳಬೇಕೇ ಅಂತ ಕೇಳಿದರೆ: ಗೋಡೆಗೆ, ಉಡುಗೊರೆಗೆ, ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಆದರೆ ಧಾರಾಳವಾಗಿ ಕೊಳ್ಳಿ, ಅಚ್ಚು ಅಷ್ಟು ಚೆನ್ನಾಗಿದೆ. ಕಂಪನಿ ಊರುಗಳ ಮೇಲೆ ಆಸಕ್ತಿ ಇರುವವರು ಅದೇ ದುಡ್ಡಿಗೆ ಮೂರು ಬಳಸಿದ ಕಾರ್ಡು ತರಿಸಿ. ಕೆಜಿಎಫ್‌ನವರು ನೋಡಿದರೆ ಹೊಟ್ಟೆ ಉರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅದೇ ವರ್ಷ ನ್ಯೂ ಲ್ಯಾನರ್ಕ್ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಅವರ ಗಿರಣಿ ಮುಚ್ಚಿ ಆರು ವರ್ಷಕ್ಕೆ ಊರು ಉಳಿಸಲು ಟ್ರಸ್ಟು ಹುಟ್ಟಿತ್ತು. ನಮ್ಮಲ್ಲಿ ಶಾಫ್ಟಿನ ಚಕ್ರಗಳು ನಿಂತಲ್ಲೇ ತುಕ್ಕು ಹಿಡಿದವು.

ಎಂಟನೇ ಕಾರ್ಡು ನನ್ನ ಹತ್ತಿರ ಇಲ್ಲ. ಬೆನ್ನಿಗೆ ಸ್ಟಾಂಪು ಹಚ್ಚಿ, ಗ್ಲ್ಯಾಸ್ಗೋ ವಿಳಾಸ ಬರೆದು, ಬಂಗಾರಪೇಟೆ ಕೌಂಟರಿನಲ್ಲಿ ಕೊಟ್ಟೆ. ಅಲ್ಲಿರುವ ಹುಡುಗಿ ನನ್ನ ಕೈಕೆಳಗೆ ಕೆಲಸ ಕಲಿತವಳು. "ಮೇಡಂ, ನೀವೇ ಹೊಡೀರಿ" ಅಂತ ಮುದ್ರೆ ಕೈಗೆ ಕೊಡಲು ಬಂದಳು, ಬೇಡ ಅಂದೆ, ಅದು ಅವಳ ಕೆಲಸ. ಶಾಯಿ ಸರಿ ನೋಡಿಕೊಂಡು ಹೊಡಿ ಅಂದೆ ಅಷ್ಟೇ. ಒಂದನೇ ಗಿರಣಿಯ ಮಹಡಿ ಲೆಕ್ಕ ಬರೆಯುವುದರಲ್ಲೇ ಎಡಭಾಗ ತುಂಬಿಹೋಗಿತ್ತು. ಮಳೆ ಬಂತು, ಮಂಡಿನೋವು ಪರವಾಗಿಲ್ಲ, ಊಟ ಸರಿಯಾಗಿ ಮಾಡು ಅನ್ನುವುದನ್ನು ಕಾರ್ಡು ತಿರುಗಿಸಿಕೊಂಡು ಅಂಚಿನಗುಂಟ ಬರೆದೆ.